ಬಿಂದುವನ್ನು ಮುಚ್ಚಿದ ಕಡ್ಡಿಗಳು

ಜನವರಿ 6, ಮಂಗಳವಾರ

ಹೆಂಡತಿಯ ಹೊಟ್ಟೆಯೊಳಗಿನ ಗಡ್ಡೆ ತೆಗೆದ ಆಪರೇಷನ್ ಆಗಿ ಇವತ್ತಿಗೆ ಒಂದೂವರೆ ವರ್ಷ. ಡಾಕ್ಟರಮ್ಮ ಸ್ಕ್ಯಾನ್ ನೋಡಿದರು, ಹೊಟ್ಟೆ ಒತ್ತಿ ನೋಡಿದರು, "ಎಲ್ಲ ಸರಿಯಾಗಿದೆ, ಇನ್ನು ಜುಲೈಗೆ ಬನ್ನಿ ಸಾಕು" ಅಂದರು. ನನ್ನ ಹೆಂಡತಿ ಕೂತಲ್ಲೇ ಒಂದು ಸಲ ಪುಟಿದಳು. ನಲವತ್ತಾರು ವರ್ಷದ ಹೆಂಗಸು! ಕುರ್ಚಿ ಕಿರ್ ಅಂದಿತು. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡೆ.

ಒಂದು ಷರತ್ತಿದೆ. ಈವರೆಗಿನ ಹಾಗೇ ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ಕೊಡಬೇಕು. ಅದರಲ್ಲಿ ಒಂದು ಅಂಕಿ ಬರುತ್ತದೆ. ಗಡ್ಡೆ ಮತ್ತೆ ಹುಟ್ಟಿಕೊಂಡರೆ ಆ ಅಂಕಿ ಏರತೊಡಗುತ್ತದೆ. "ಒಂದು ಸಲ ಏರಿದ್ರೆ ಗಾಬರಿ ಬೇಡ, ಯಂತ್ರವೂ ಸ್ವಲ್ಪ ಆಚೀಚೆ ಹೇಳುತ್ತೆ" ಅಂದರು ಡಾಕ್ಟರಮ್ಮ. "ಆದ್ರೆ ಸತತ ಮೂರು ತಿಂಗಳು ನಿಜವಾಗಿ ಏರಿತು ಅಂದ್ರೆ ಜುಲೈವರೆಗೆ ಕಾಯ್ಬೇಡಿ. ಮಾರನೇ ದಿನವೇ ಬನ್ನಿ. ಬೇಗ ಹಿಡಿದಷ್ಟೂ ನಮ್ಮ ಕೈಲಿ ಇರುತ್ತೆ."

ಮೆಟ್ಟಿಲಿಳಿಯುವಾಗ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. "ವರದಿ ನಿನ್ನ ಫೋನಿಗೇ ಬರಲಿ. ನಂಗೆ ಅಂಕಿ ಹೇಳ್ಬೇಡ. ಅಂಕಿ ಕಿವಿಗೆ ಬಿದ್ರೆ ಮೂರು ದಿನ ಕೊಳದಲ್ಲಿ ಮಕ್ಕಳ ತಲೆ ಎಣಿಸೋಕಾಗಲ್ಲ. ನೀನು ಚಿತ್ರ ಬರ್ಕೊಡು. ಊರಿಗೆಲ್ಲ ಬರ್ಕೊಡ್ತೀಯಲ್ಲ."

ಅವಳು ಈಜು ಕಲಿಸುತ್ತಾಳೆ. ಮಕ್ಕಳ ಬಾಯಲ್ಲಿ ಅವಳು ಸೀಟಿ ಟೀಚರ್. ನಾನು ನೀರಿನ ಸಂಶೋಧನೆಯ ಸಂಸ್ಥೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ರಾಫ್ ಬರೆಯುವವನು. ವಿಜ್ಞಾನಿಗಳು ಅಂಕಿ ತಂದು ಸುರಿಯುತ್ತಾರೆ, ನಾನು ಅದಕ್ಕೆ ಕಣ್ಣುಮೂಗು ಕೊಡುತ್ತೇನೆ. ಆಫೀಸಿನಲ್ಲಿ ನನಗೆ ಗೆರೆರಾಯ ಅನ್ನುತ್ತಾರೆ, ಹಿಂದಿನಿಂದ. ಈಗೀಗ ಮುಂದಿನಿಂದಲೂ.

ಜನವರಿ 9, ಶುಕ್ರವಾರ

ಅಂಕಿ ಬಂತು. 13. ಹಿಂದಿನ ಮೂರು ತಿಂಗಳದ್ದು 11, 12, 11. ರಕ್ತಪರೀಕ್ಷೆಯ ಲ್ಯಾಬಿಗೆ ಫೋನ್ ಮಾಡಿ, ನಿಮ್ಮ ಯಂತ್ರ ಎಷ್ಟು ತಪ್ಪು ಹೇಳುತ್ತದೆ ಎಂದು ಕೇಳಿದೆ. ಆ ಕಡೆಯ ಮನುಷ್ಯನಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲವೇನೋ. "ಹತ್ತಕ್ಕೆ ಹೆಚ್ಚೆಂದ್ರೆ ಒಂದು ಆಚೀಚೆ ಸಾರ್" ಅಂದ.

ರಾತ್ರಿ ಊಟಕ್ಕೆ ಮುಂಚೆಯೇ ಬರೆದು ಮುಗಿಸಿದೆ. ಬಿಂದು ಕಪ್ಪು, ಅಚ್ಚಿನ ಅಳತೆಯಲ್ಲಿ ಆರು ಪಾಯಿಂಟ್. ಅದರ ಮೇಲೆ ಕೆಳಗೆ ಒಂದೊಂದರಷ್ಟು ಉದ್ದದ ಎರರ್ ಬಾರ್, ಅರ್ಧ ಪಾಯಿಂಟ್ ದಪ್ಪ, ಬಿಂದುವಿನದೇ ಬಣ್ಣ. ಎರಡು ತುದಿಗೂ ಪುಟ್ಟ ಅಡ್ಡಪಟ್ಟಿ. ಇದಕ್ಕಿಂತ ಹೆಚ್ಚು ಸಿಂಗಾರ ಮಾಡುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ. ಹೊಸದಾಗಿ ಸೇರಿದವರಿಗೆಲ್ಲ ನಾನು ಮೊದಲು ಹೇಳುವ ಮಾತು ಅದು.

ಅವಳು ಕನ್ನಡಕ ಹಾಕಿಕೊಂಡು ಬಂದಳು. "ಈ ಕಡ್ಡಿ ಯಾಕೆ?"

"ನಿಜವಾದ ಅಂಕಿ ಈ ಕಡ್ಡಿಯೊಳಗೆ ಎಲ್ಲೋ ಇದೆ ಅಂತ. ಬಿಂದು ಅಂದ್ರೆ ನಮ್ಮ ಅಂದಾಜು. ಕಡ್ಡಿ ಅಂದ್ರೆ ನಮ್ಮ ಅನುಮಾನ. ಎರಡು ತಿಂಗಳ ಕಡ್ಡಿ ಸ್ವಲ್ಪವಾದ್ರೂ ಒಂದೇ ಎತ್ತರದಲ್ಲಿ ಸಮಕ್ಕೆ ನಿಂತ್ರೆ, ಏರಿದೆ ಅಂತ ಹೇಳೋ ಹಾಗಿಲ್ಲ."

"ಗೊತ್ತು ಬಿಡು. ನಮ್ಮಲ್ಲೂ ಒಂದು ಲೇನಿಗೆ ಮೂರು ವಾಚು. ಮೂರೂ ಒಂದೇ ಹೇಳಿದ್ದನ್ನ ನಾನು ನೋಡೇ ಇಲ್ಲ. ಒಬ್ಬೊಬ್ಬರ ಹೆಬ್ಬೆರಳು ಒಂದೊಂದು ಥರ." ಅಡ್ಡಪಟ್ಟಿಯ ಮೇಲೆ ಬೆರಳಿಟ್ಟಳು. "ಇದೇನು, ತಲೆ ಮೇಲೊಂದು ಬುಡಕ್ಕೊಂದು ಟೋಪಿ? ಟೋಪಿ ಹಾಕೋದೇ ನಿನ್ನ ಕಸುಬು ಅನ್ನು."

ಬೀರುವಿನ ಬಾಗಿಲಿಗೆ ಅಂಟಿಸಿದಳು. ಕಡ್ಡಿಗಳೆಲ್ಲ ಸಮಕ್ಕೇ ನಿಂತಿವೆ. ನೆಮ್ಮದಿ.

ಜನವರಿ 22, ಗುರುವಾರ

ಆಫೀಸಿನಲ್ಲಿ ಮುಖ್ಯಸ್ಥೆಯ ಜೊತೆ ಜಟಾಪಟಿ. ನೀರು ಸೋಸುವ ಹೊಸ ಬಟ್ಟೆಯೊಂದನ್ನು ಕಂಡುಹಿಡಿದಿದ್ದಾರೆ, ಪ್ರಬಂಧಕ್ಕೆ ಚಿತ್ರ ಬೇಕು. ಹಳೆಯ ಬಟ್ಟೆ, ಹೊಸ ಬಟ್ಟೆ, ಎರಡರ ಬಿಂದುಗಳ ನಡುವೆ ಒಳ್ಳೆಯ ಅಂತರ. ಆದರೆ ಎರರ್ ಬಾರ್ ಹಾಕಿದರೆ ಒಂದರ ಹೊಟ್ಟೆಯೊಳಗೆ ಇನ್ನೊಂದು.

"ಬಾರ್‌ಗಳನ್ನ ತಿಳಿಬೂದಿ ಬಣ್ಣಕ್ಕೆ ತನ್ನಿ. ತೆಳ್ಳಗೆ. ತುದಿಯ ಪಟ್ಟಿ ಬೇಡ. ಬಿಂದು ದೊಡ್ಡದಿರಲಿ, ಬಾರ್ ಅದರ ಹಿಂದೆ ಹೋಗಲಿ" ಅಂದರು.

"ಮೇಡಂ, ಕಾಣದ ಹಾಗೆ ಹಾಕೋದಾದ್ರೆ ಹಾಕೋದು ಯಾಕೆ?"

"ಇರುತ್ತಲ್ಲ, ಬೇಕಾದೋರು ಕಣ್ಣರಳಿಸಿ ನೋಡ್ಕೊಳ್ಳಲಿ."

"ಗೆರೆ ತೆಳ್ಳಗಾದ್ರೆ ನೀರು ಶುದ್ಧ ಆಗಲ್ಲ" ಅಂದೆ. ಕೋಣೆಯಲ್ಲಿದ್ದ ನಾಲ್ಕು ಜನ ತಲೆ ತಗ್ಗಿಸಿಕೊಂಡರು. ಆಗದು ಅಂದರೆ ಆಗದು. ನನ್ನ ಕೈಯಿಂದ ಹೋಗುವ ಚಿತ್ರ ಸುಳ್ಳು ಹೇಳಬಾರದು. ಮನೆಗೆ ಬಂದು ಇವಳಿಗೆ ಹೇಳಿದರೆ, "ಶಹಬ್ಬಾಸ್ ಗೆರೆರಾಯ, ಕೆಲಸ ಹೋದ್ರೆ ಕೊಳಕ್ಕೆ ಬಾ, ಟವೆಲ್ ಒಗೆಯೋಕೆ ಜನ ಬೇಕು" ಅಂದಳು.

ಫೆಬ್ರವರಿ 7, ಶನಿವಾರ

16.

ಕಡ್ಡಿಯನ್ನು ಎರಡು ಪಟ್ಟು ಮಾಡಿದೆ. ಇದರಲ್ಲಿ ಮೋಸವೇನಿಲ್ಲ. ಅರ್ಧಕ್ಕರ್ಧ ಪ್ರಬಂಧಗಳಲ್ಲಿ ಎರಡು ಪಟ್ಟಿನದೇ ರೂಢಿ, ಎಚ್ಚರದ ಜನ ಹಾಗೇ ಮಾಡುವುದು. ಮೊದಲೇ ಹಾಗೆ ಮಾಡಬೇಕಿತ್ತು. ಜನವರಿಯ ಕಡ್ಡಿಯನ್ನೂ, ಅದರ ಹಿಂದಿನವನ್ನೂ ಉದ್ದ ಮಾಡಿ ಹೊಸ ಹಾಳೆ ತೆಗೆದೆ.

ಅವಳಿಗೆ ಉದ್ದವಾದದ್ದು ಕಂಡಿತು. "ಅನುಮಾನ ಜಾಸ್ತಿ ಆಯ್ತಾ?" "ಎಚ್ಚರ ಜಾಸ್ತಿ ಆಯ್ತು" ಅಂದೆ. ಕಡ್ಡಿಗಳು ಸಮಕ್ಕೆ ನಿಂತಿವೆಯಾ ಎಂದು ಬೆರಳಿಟ್ಟು ಅಳೆದಳು. ನಿಂತಿವೆ. ಶಿಳ್ಳೆ ಹಾಕುತ್ತ ಸ್ನಾನಕ್ಕೆ ಹೋದಳು.

ಫೆಬ್ರವರಿ 15, ಭಾನುವಾರ

ಜೂನ್ 21ಕ್ಕೆ ದೊಡ್ಡ ಸ್ಪರ್ಧೆ. ಇವಳ ನಾಲ್ಕು ಹುಡುಗಿಯರ ರಿಲೇ ತಂಡ ಮೊದಲ ಸಲ ಆಯ್ಕೆಯಾಗಿದೆ. ಮಾತೆಲ್ಲ ಅದೇ. ಟೀ ಲೋಟದ ಮೇಲೆ ಕೈಯಾಡಿಸಿ ಯಾರು ಯಾವಾಗ ತಿರುಗಬೇಕು ಎಂದು ತೋರಿಸಿದಳು, ಟೀ ಚೆಲ್ಲಿತು. "ಜೂನ್‌ವರೆಗೆ ನಂಗೆ ಏನೂ ಆಗ್ಬಾರ್ದು ಕಣೋ. ಆಮೇಲೆ ಏನಾದ್ರೂ ಆಗ್ಲಿ." ಬಾಯಿ ಮುಚ್ಚು ಅಂದೆ.

ಮಾರ್ಚ್ 6, ಶುಕ್ರವಾರ

20.

ಆಫೀಸಿನ ಶೌಚಾಲಯದಲ್ಲಿ ನಿಂತು ನೋಡಿದೆ. 13, 16, 20. ಮೂರು ತಿಂಗಳು.

ಆದರೆ ಡಾಕ್ಟರಮ್ಮ ಹೇಳಿದ್ದು "ನಿಜವಾಗಿ ಏರಿದರೆ" ಅಂತ. ನಿಜವಾಗಿ ಅನ್ನುವುದನ್ನು ಯಾರು ನಿರ್ಧರಿಸಬೇಕು? ಅದು ನನ್ನ ಕಸುಬು, ಅವರದಲ್ಲ. ಲ್ಯಾಬಿನವನು ಹೇಳಿದ್ದು ಯಂತ್ರದ ತಪ್ಪು ಮಾತ್ರ. ರಕ್ತ ತೆಗೆಯುವ ಹೊತ್ತು ಪ್ರತಿ ತಿಂಗಳು ಒಂದೇ ಇರುವುದಿಲ್ಲ. ಈ ಸಲ ಅವಳಿಗೆ ನೆಗಡಿ ಬೇರೆ ಇತ್ತು. ಇವೆಲ್ಲ ಸೇರಿಸಿದರೆ ಮೂರು ಪಟ್ಟು ಹಾಕುವುದೇ ಪ್ರಾಮಾಣಿಕತೆ. ಮೂರು ಪಟ್ಟು ಹಾಕಿದೆ. 20ರ ಕಡ್ಡಿ ಈಗ 14ರವರೆಗೆ ಇಳಿಯುತ್ತದೆ. 11ರ ಕಡ್ಡಿ 14ರವರೆಗೆ ಏರುತ್ತದೆ. ಅಳತೆಪಟ್ಟಿ ಇಟ್ಟು ನೋಡಿದೆ: 14ರಲ್ಲಿ ಒಂದು ಅಡ್ಡಗೆರೆ ಎಳೆದರೆ ಆರೂ ಕಡ್ಡಿಗಳನ್ನು ಮುಟ್ಟಿಕೊಂಡು ಹೋಗುತ್ತದೆ. ಅಂದರೆ ಏನೂ ಏರದೆಯೂ ಇರಬಹುದು. ಇರಬಹುದು ಅಂದರೆ ಇರಬಹುದು, ಅಷ್ಟೇ.

ಅವಳು ಒದ್ದೆ ಕೂದಲಲ್ಲೇ ಬಂದು ನೋಡಿದಳು. "ಹೇಗಿದೆ?"

"ಗೆರೆಯೊಳಗೇ ಇದೆ."

"ಹಾಗಾದ್ರೆ ಹೋಗೋದು ಬೇಡ ಅಲ್ವಾ?"

"ಬೇಡ."

ನನ್ನ ಭುಜಕ್ಕೆ ಹಣೆ ಒತ್ತಿದಳು. ಅಂಗಿ ಒದ್ದೆಯಾಯಿತು. ಅವಳ ಕೂದಲಲ್ಲಿ ಕೊಳದ ಕ್ಲೋರಿನ್ ವಾಸನೆ. ಆ ವಾಸನೆ ಇಲ್ಲದ ಮನೆಯನ್ನು ನಾನು ನೆನೆಸಿಕೊಳ್ಳಲಾರೆ, ನೆನೆಸಿಕೊಳ್ಳುವುದೂ ಇಲ್ಲ.

ಮಾರ್ಚ್ 8, ಭಾನುವಾರ

ನಾದಿನಿ ಬಂದಿದ್ದಳು. ಇವಳ ಬೆನ್ನಿಗೆ ಹುಟ್ಟಿದ ತಂಗಿ, ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯವಳು. ಬೀರುವಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಭಾವ, ಬಿಂದುಗಳು ಮೆಟ್ಟಿಲು ಹತ್ತಿದ ಹಾಗೆ ಕಾಣ್ತವೆ."

"ಬಿಂದು ನೋಡ್ಬಾರ್ದು. ಕಡ್ಡಿ ನೋಡ್ಬೇಕು."

"ಒಂದು ಸಲ ಡಾಕ್ಟರಿಗೆ ತೋರಿಸಿದ್ರೆ ಗಂಟೇನು ಹೋಗುತ್ತೆ?"

"ನಿನ್ನ ಅಂಗಡಿಗೆ ಬಂದು ಯಾವ ಮಾತ್ರೆ ಎಲ್ಲಿಡಬೇಕು ಅಂತ ನಾನು ಹೇಳ್ತೀನಾ?" ಸ್ವಲ್ಪ ಜೋರಾಯಿತು. ಅವಳು ಚೀಲ ತೆಗೆದುಕೊಂಡು ಎದ್ದಳು. ಹೆಂಡತಿ ನನ್ನ ಕಡೆ ಹುಬ್ಬು ಗಂಟಿಕ್ಕಿ ನೋಡಿದಳು, "ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು?" ಅಂದಳು. ತಪ್ಪೇನೂ ಇರಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಮೂಗು ತೂರಿಸಿದರೆ ನನಗೆ ಸಿಟ್ಟು ಬರುತ್ತದೆ, ಅಷ್ಟೇ.

ಏಪ್ರಿಲ್ 8, ಬುಧವಾರ

25. ವರದಿಯಲ್ಲಿ 35ರ ಕೆಳಗಿರುವುದೆಲ್ಲ ಆರೋಗ್ಯವಂತರ ಲೆಕ್ಕ ಎಂದು ಅಚ್ಚು ಹಾಕಿದ್ದಾರೆ. ಕೆಂಪು ಗುರುತಿಲ್ಲ.

14ರ ಅಡ್ಡಗೆರೆ ಈಗ ಮುಟ್ಟುವುದಿಲ್ಲ. ನಾಲ್ಕು ಪಟ್ಟು ಹಾಕಲು ಮನಸ್ಸು ಬರಲಿಲ್ಲ, ಅದಕ್ಕೆ ಆಧಾರವಿಲ್ಲ. ನಾನು ಆಧಾರವಿಲ್ಲದ ಕೆಲಸ ಮಾಡುವವನಲ್ಲ. ಉದ್ದ ಅಷ್ಟೇ ಬಿಟ್ಟು ರೂಪ ಮಾತ್ರ ಬದಲಿಸಿದೆ. ಕಡ್ಡಿಯ ದಪ್ಪ ಅರ್ಧ ಪಾಯಿಂಟಿನಿಂದ ಮೂರಕ್ಕೆ. ಬಣ್ಣ ಕಡುನೀಲಿ. ತುದಿಯ ಪಟ್ಟಿ ಅಗಲಕ್ಕೆ, ಎಷ್ಟೆಂದರೆ ಪಕ್ಕದ ತಿಂಗಳ ಪಟ್ಟಿಗೆ ಕೈ ಕೊಡುವಷ್ಟು. ಬಿಂದುವನ್ನು ಎರಡು ಪಾಯಿಂಟಿಗೆ ಇಳಿಸಿ, ತಿಳಿಯಾದ ಬೂದಿ ಬಣ್ಣ ಕೊಟ್ಟೆ. ಲಂಬ ಅಕ್ಷವನ್ನು ನೂರರವರೆಗೆ ಏರಿಸಿದೆ, ಹಾಗಾಗಿ ಎಲ್ಲವೂ ಬುಡದಲ್ಲಿ ಗುಂಪಾಗಿ ಕೂತಿದೆ. ಇದರಲ್ಲಿ ಒಂದು ಅಂಕಿಯೂ ಸುಳ್ಳಲ್ಲ. ಯಾರು ಬೇಕಾದರೂ ಅಳೆದು ನೋಡಲಿ.

"ಏನೋ ಇದು, ಕಂಬಗಳ ಹಾಗಿದೆ" ಅಂದಳು.

"ಆಫೀಸಲ್ಲಿ ಈಗ ಇದೇ ಶೈಲಿ."

"ದಪ್ಪಗಿದ್ರೆ ಚೆನ್ನಾಗೇ ಕಾಣುತ್ತೆ. ಕನ್ನಡಕ ಬೇಕಾಗಲ್ಲ."

ಏಪ್ರಿಲ್ 17, ಶುಕ್ರವಾರ

ಗೆದ್ದೆ! ಹೊರಗಿನ ಪರೀಕ್ಷಕರು ಪ್ರಬಂಧ ಓದಿ, ಎರರ್ ಬಾರ್‌ಗಳನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ್ದಕ್ಕೆ ಮೆಚ್ಚುಗೆ ಬರೆದಿದ್ದಾರೆ. ಇನ್ನಷ್ಟು ಪ್ರಯೋಗ ಮಾಡಿ ಎಂದೂ ಹೇಳಿದ್ದಾರೆ. ಮುಖ್ಯಸ್ಥೆ ಎಲ್ಲರೆದುರಿಗೆ, "ಗೆರೆರಾಯರು ಹಠ ಹಿಡಿದು ನಮ್ಮ ಮಾನ ಉಳಿಸಿದ್ರು" ಅಂದರು. ಚಪ್ಪಾಳೆ ತಟ್ಟಿದರು. ಹೊಸದಾಗಿ ಸೇರಿದವಳೊಬ್ಬಳು ನನ್ನ ಮಾತನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳೆ: ಗೆರೆ ತೆಳ್ಳಗಾದರೆ ನೀರು ಶುದ್ಧವಾಗದು.

ಚಪ್ಪಾಳೆ ಮುಗಿದ ಮೇಲೆ ಆ ಚೀಟಿಯ ಕಡೆ ನೋಡದೆ ನನ್ನ ಕುರ್ಚಿಗೆ ಬಂದು ಕೂತೆ.

ಮೇ 7, ಗುರುವಾರ

29. ಬಿಂದು ಇನ್ನೂ ತಿಳಿಯಾಗಿರಲಿ ಅನಿಸಿತು. ಕಡ್ಡಿಯನ್ನು ಬಿಂದುವಿನ ಮೇಲಿನ ಪದರಕ್ಕೆ ತಂದೆ.

ಮೇ 19, ಮಂಗಳವಾರ

ಅರ್ಧ ದಿನ ರಜೆ ಹಾಕಿ ಕೊಳಕ್ಕೆ ಹೋದೆ. ಮೇಲಿನ ಬೆಂಚಿನಲ್ಲಿ ಕೂತು ನೋಡಿದೆ. ನಾನಿರುವುದು ಅವಳಿಗೆ ಗೊತ್ತಿರಲಿಲ್ಲ. ನಾಲ್ಕು ಹುಡುಗಿಯರಲ್ಲಿ ಒಬ್ಬಳಿಗೆ ತಿರುಗುವುದು ಸರಿಯಾಗುತ್ತಿಲ್ಲ. ಹನ್ನೊಂದು ಸಲ ಮಾಡಿಸಿದಳು. ಹನ್ನೆರಡನೇ ಸಲಕ್ಕೆ ತಾನೇ ನೀರಿಗಿಳಿದು, ಗೋಡೆಯ ಹತ್ತಿರ ಉರುಳಿ, ಕಾಲಿನಿಂದ ಒದ್ದು, ನೀರಿನಡಿಯಲ್ಲಿ ಅರ್ಧ ಕೊಳ ಹೋಗಿಬಿಟ್ಟಳು. ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ನಾನು ಎದ್ದು ನಿಂತುಬಿಟ್ಟಿದ್ದೆ. ಆಮೇಲೆ ತಲೆ ಕಾಣಿಸಿತು. ಮಕ್ಕಳೆಲ್ಲ ಕಿರುಚಿದರು. ಅವಳು ನಕ್ಕಳು.

ನನಗೆ ಅವಳೆಂದರೆ ಜೀವ. ಇಪ್ಪತ್ತು ವರ್ಷದಲ್ಲಿ ಬಾಯಿಬಿಟ್ಟು ಎರಡೋ ಮೂರೋ ಸಲ ಹೇಳಿರಬೇಕು. ಇಲ್ಲಾದರೂ ಬರೆದಿಟ್ಟಿರುತ್ತೇನೆ. ಇಷ್ಟು ಚೆನ್ನಾಗಿ ಈಜುವವಳ ಒಳಗೆ ಏನೋ ಇದೆ ಎಂದು ಯಾವ ಯಂತ್ರ ಹೇಳಿದರೂ ನಾನು ನಂಬುವುದಿಲ್ಲ.

ಆಮೇಲೆ ನನ್ನನ್ನು ಕಂಡು ಮೆಟ್ಟಿಲು ಹತ್ತಿ ಬಂದವಳು ಕಂಬ ಹಿಡಿದುಕೊಂಡು ನಿಂತಳು. ಸ್ವಲ್ಪ ಹೊತ್ತು. "ಊಟ ಜಾಸ್ತಿಯಾಗಿತ್ತು" ಅಂದಳು.

ಜೂನ್ 6, ಶನಿವಾರ

34.

ಬಿಂದು ತೆಗೆದೆ. ಬರೀ ಕಡ್ಡಿ ಇದೆ. ಕೆಲವು ಪತ್ರಿಕೆಗಳಲ್ಲಿ ಹಾಗೂ ಮಾಡುತ್ತಾರೆ.

ಅವಳು ಕೇಳಿದಳು, "ಬಿಂದು ಎಲ್ಲಿ?" ಒಳಗಿದೆ ಅಂದೆ.

ಜೂನ್ 10

ಪ್ಯಾಂಟಿನ ಗುಂಡಿ ಹಾಕೋಕಾಗ್ತಿಲ್ಲ, ದಪ್ಪ ಆಗಿದೀನಿ ಅಂತಾಳೆ. ತಟ್ಟೆಯಲ್ಲಿ ಅರ್ಧ ಬಿಡುತ್ತಾಳೆ.

ಜೂನ್ 21, ಭಾನುವಾರ

ಮೂರನೇ ಸ್ಥಾನ! ಮೂರನೆಯದು ಅಂದರೆ ಸಣ್ಣದಲ್ಲ, ಇವಳ ಕೊಳದಿಂದ ಇಷ್ಟು ದೂರ ಯಾರೂ ಬಂದಿರಲಿಲ್ಲ. ತಿರುಗಲು ಬಾರದಿದ್ದವಳೇ ಕೊನೆಯ ಸರದಿಯಲ್ಲಿ ಒಬ್ಬಳನ್ನು ಹಿಂದೆ ಹಾಕಿದಳು. ಹುಡುಗಿಯರು ಇವಳನ್ನು ಎತ್ತಿ ನೀರಿಗೆ ಹಾಕಲು ಬಂದರು. ಕೈ ಅಡ್ಡ ಹಿಡಿದು, "ಬೇಡ ಮಕ್ಕಳೇ, ಇವತ್ತು ಬೇಡ" ಅಂದಳು. ಅವಳು ಬೇಡ ಅಂದದ್ದು ನಾನು ಇದೇ ಮೊದಲು ಕೇಳಿದ್ದು.

ವಾಪಸು ಬರುವಾಗ ಕಾರಿನ ಸೀಟು ಹಿಂದಕ್ಕೆ ಮಾಡಿಕೊಂಡು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಮಲಗಿದ್ದಳು. ಗಾಜಿನಾಚೆ ಬೀದಿದೀಪಗಳು ಹತ್ತಿಕೊಳ್ಳುತ್ತಿದ್ದವು. "ನಾಳೆನೇ ಡಾಕ್ಟರ ಹತ್ರ ಹೋಗೋಣ್ವಾ?" ಅಂತ ಕೇಳಬೇಕೆಂದು ಮೂರು ಸಿಗ್ನಲ್ ದಾಟುವವರೆಗೂ ಅಂದುಕೊಂಡೆ. ಹೇಗೂ ಜುಲೈ 7ಕ್ಕೆ ದಿನ ಗೊತ್ತಾಗಿದೆ. ಹದಿನಾರು ದಿನ. ಗೆದ್ದ ಖುಷಿಯಲ್ಲಿದ್ದಾಳೆ, ಇರಲಿ.

ಜುಲೈ 7, ಮಂಗಳವಾರ

ಡಾಕ್ಟರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟರು, ತೆಗೆದರು, ಇನ್ನೊಮ್ಮೆ ಇಟ್ಟರು. "ತಿಂಗಳ ವರದಿಗಳು ಎಲ್ಲಿ?"

ನಾನು ಗ್ರಾಫಿನ ಇನ್ನೊಂದು ಪ್ರತಿಯನ್ನು ಮಡಿಸಿ ತಂದಿದ್ದೆ. ಕೊಟ್ಟೆ. ಅವರು ಅದನ್ನು ಆ ಕಡೆ ಈ ಕಡೆ ತಿರುಗಿಸಿದರು. "ಇದೇನು? ನಂಗೆ ಅಂಕಿ ಕೊಡಿ."

ಫೋನ್ ಕೊಟ್ಟೆ. ಅವರು ಜೋರಾಗಿ ಓದಿ, ಒಂದೊಂದನ್ನೇ ಕಂಪ್ಯೂಟರಿಗೆ ಹಾಕಿಕೊಂಡರು. "ಜನವರಿ ಹದಿಮೂರು. ಫೆಬ್ರವರಿ ಹದಿನಾರು. ಮಾರ್ಚ್ ಇಪ್ಪತ್ತು. ಏಪ್ರಿಲ್ ಇಪ್ಪತ್ತೈದು. ಮೇ ಇಪ್ಪತ್ತೊಂಬತ್ತು. ಜೂನ್ ಮೂವತ್ತನಾಲ್ಕು. ನಿನ್ನೆಯದು ನಲವತ್ತೊಂದು."

ನನ್ನ ಹೆಂಡತಿ ಜೀವಮಾನವಿಡೀ ಸೆಕೆಂಡು ಕಳೆದು ಕೂಡಿಸಿದವಳು. ಓದಿ ಮುಗಿಸುವ ಮುಂಚೆಯೇ ಅವಳ ತುಟಿ ಅಲುಗುತ್ತಿತ್ತು. "ಮಾರ್ಚ್‌ಗೇ ಮೂರು ಆಗಿತ್ತಲ್ಲ" ಅಂದಳು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಯಾಕೆ ಬರಲಿಲ್ಲ?"

"ಎರರ್ ಬಾರ್ ಒಳಗೇ ಇತ್ತು" ಅಂದೆ.

"ಯಾವ ಎರರ್ ಬಾರ್?"

ನನಗೆ ಉತ್ತರ ಗೊತ್ತಿತ್ತು. ಎರಡು ಪಟ್ಟು, ಮೂರು ಪಟ್ಟು, ರಕ್ತ ತೆಗೆದ ಹೊತ್ತು, ನೆಗಡಿ, ಎಲ್ಲ ಆಧಾರವೂ ನಾಲಿಗೆಯ ತುದಿಯಲ್ಲಿತ್ತು. ಮೇಜಿನ ಮೇಲಿದ್ದ ಗ್ರಾಫನ್ನು ವಾಪಸು ಮಡಿಸಿಕೊಂಡೆ.

ಜುಲೈ 8

ಸ್ಕ್ಯಾನ್. ಫಲಿತಾಂಶ ಶನಿವಾರ.

ಜುಲೈ 11, ಶನಿವಾರ

ಎರಡು ಕಡೆ ಗಡ್ಡೆ, ಹೊಟ್ಟೆಯಲ್ಲಿ ನೀರು. ಮುಂದಿನ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರದಿಂದ ಚಿಕಿತ್ಸೆ. ಅವಳು ನೇರವಾಗಿ ಕೇಳಿದಳು, "ಎಷ್ಟು ದಿನ?"

"ಒಂದು ವರ್ಷ ಇರಬಹುದು, ಮೂರೂ ಇರಬಹುದು. ದೇಹ ಹೇಗೆ ಒಪ್ಪಿಕೊಳ್ಳುತ್ತೆ ನೋಡ್ಬೇಕು."

"ಮಾರ್ಚ್‌ನಲ್ಲಿ ಬಂದಿದ್ರೆ?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಅದನ್ನ ಹೇಳೋಕಾಗಲ್ಲಮ್ಮ. ತುಂಬಾ ವ್ಯತ್ಯಾಸ ಆಗ್ತಿತ್ತೋ, ಏನೂ ಆಗ್ತಿರಲಿಲ್ವೋ, ಯಾರೂ ಹೇಳೋಕಾಗಲ್ಲ."

ಇಡೀ ದಿನ ಅದೊಂದೇ ಮಾತು ತಲೆಯಲ್ಲಿ. ಏನೂ ಇಲ್ಲ ಅನ್ನುವಲ್ಲಿಂದ ಎಲ್ಲವೂ ಅನ್ನುವವರೆಗೆ ಉದ್ದದ ಕಡ್ಡಿ, ಎಲ್ಲಿ ಬಿಂದು ಇಡಬೇಕು ಎಂದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ನಾನು ಅವಳನ್ನು ಕೊಂದೆನೋ, ಏನೂ ಮಾಡಲಿಲ್ಲವೋ. ಯಾರಾದರೂ ಕೊಂದೆ ಎಂದೇ ಹೇಳಿಬಿಟ್ಟಿದ್ದರೆ ಒಳ್ಳೆಯದಿತ್ತು.

ಜುಲೈ 14, ಮಂಗಳವಾರ

ಆಫೀಸಿನಿಂದ ಬಂದಾಗ ಅವಳು ಊಟದ ಮೇಜಿನ ಮುಂದೆ ಕೂತಿದ್ದಳು. ಬೀರುವಿನಿಂದ ಜೂನಿನ ಹಾಳೆ ಕಿತ್ತು ತಂದಿದ್ದಳು. ಜನವರಿಯದೂ ಎಲ್ಲೋ ಇಟ್ಟಿದ್ದಳಂತೆ, ಅದೂ ಪಕ್ಕದಲ್ಲಿತ್ತು. ಎರಡರ ನಡುವೆ ನನ್ನ ಅಳತೆಪಟ್ಟಿ.

"ಈ ಕಡ್ಡಿ ನಿಜವಾಗಿ ಎಷ್ಟಿರಬೇಕಿತ್ತು?"

ಪೆನ್ಸಿಲ್ ತೆಗೆದುಕೊಂಡು ಮಾರ್ಚಿನ ನೀಲಿ ಕಂಬದ ಪಕ್ಕ ಬರೆದು ತೋರಿಸಿದೆ. ನೂರರ ಅಕ್ಷದಲ್ಲಿ ಅದು ಉಗುರಿನ ಅಂಚಿನಷ್ಟೂ ಆಗಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ."

"ಎಷ್ಟು ಗೊತ್ತಿರಲಿಲ್ಲ?"

ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಏಳೆಂಟು ಸಲ ಒದ್ದ ಮೇಲೆ ಹೊತ್ತಿಕೊಂಡಿತು. ಆಮೇಲೆ ಹೇಳಿದೆ. "ಗೊತ್ತಿತ್ತು. ಮಾರ್ಚ್ ಆರಕ್ಕೆ ಗೊತ್ತಾಯ್ತು. ಶೌಚಾಲಯದಲ್ಲಿ ನಿಂತು ಫೋನ್ ನೋಡಿದಾಗಲೇ ಗೊತ್ತಾಯ್ತು."

ಈ ಪುಸ್ತಕದಲ್ಲೂ ನಾನು ಅದನ್ನು ಬರೆದಿಲ್ಲ. ಈಗ ಹಿಂದಕ್ಕೆ ತಿರುಗಿಸಿ ನೋಡಿದೆ. ನೆಗಡಿ ಎಂದು ಬರೆದಿದ್ದೇನೆ. ನನ್ನೊಬ್ಬನಿಗೇ ಬರೆದುಕೊಳ್ಳುವಲ್ಲಿ ಕೂಡ.

"ಯಾಕೋ?" ಅಂದಳು.

"ಹೆದರಿಕೆ ಆಯ್ತು."

"ನಂಗಿರಲಿಲ್ವಾ ಹೆದರಿಕೆ? ಅಂಕಿ ಹೇಳ್ಬೇಡ ಅಂದೆ, ನಿಜ. ಅಂಕಿ ಮುಚ್ಚಿಡು ಅಂದಿರಲಿಲ್ಲ. ನಿನ್ನ ಕಣ್ಣಿಂದ ನೋಡ್ತೀನಿ ಅಂದಿದ್ದೆ. ನೀನು ನಾಲ್ಕು ತಿಂಗಳು ಒಬ್ಬನೇ ಹೆದರ್ಕೊಂಡು ಕೂತೆ, ನನ್ನ ಹೊರಗೆ ಹಾಕಿ. ನನ್ನ ಕಾಯಿಲೆಗೆ ನಾನೇ ಹೊರಗಿನೋಳಾದೆ."

"ಸ್ಪರ್ಧೆ ಇತ್ತಲ್ಲ, ನೀನು ಖುಷಿಯಾಗಿದ್ದೆ..."

"ಇದ್ದೆ. ತುಂಬಾ ಖುಷಿಯಾಗಿದ್ದೆ. ಮಾರ್ಚ್‌ನಲ್ಲಿ ಹೇಳಿದ್ರೂ ಸ್ಪರ್ಧೆನೇ ಬೇಕು ಅಂತಿದ್ನೋ ಏನೋ. ನಂಗೆ ಗೊತ್ತಿಲ್ಲ. ಅದನ್ನ ಕೇಳ್ಬೇಕಾಗಿದ್ದು ನನ್ನ." ಅತ್ತಳು. ಆಪರೇಷನ್ನಿನ ದಿನವೂ ಅತ್ತಿರಲಿಲ್ಲ. ನಾನು ಕೈ ಚಾಚಿದೆ. ಅವಳು ತನ್ನ ಕೈಯನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಜುಲೈ 16

ಚಿಕಿತ್ಸೆ ಮುಗಿಯುವವರೆಗೆ ತಂಗಿಯ ಮನೆಯಲ್ಲಿರುತ್ತಾಳಂತೆ. ಆಸ್ಪತ್ರೆಗೆ ಹತ್ತಿರ ಎಂದು ನಾನೇ ಅವಳ ಪರವಾಗಿ ಕಾರಣ ಹೇಳಿದೆ. "ಹತ್ತಿರ ಅಂತಲ್ಲ" ಅಂದಳು. "ಹೇಗಿದೆ ಅಂತ ಕೇಳಿದಾಗ, ಹೇಳಿದ್ದನ್ನ ನಂಬೋಕಾಗ್ಬೇಕು ನಂಗೆ. ಈಗ ಅಷ್ಟೇ ಸಾಕು. ಸಿಟ್ಟಿಂದ ಹೋಗ್ತಿಲ್ಲ ಕಣೋ. ಶಕ್ತಿ ಇಲ್ಲ, ನಿನ್ನ ಮುಖ ನೋಡಿ ಲೆಕ್ಕ ಹಾಕ್ತಾ ಕೂರೋಕೆ."

ಸಿಟ್ಟಿನಿಂದ ಹೋಗುತ್ತಿದ್ದರೆ ವಾಪಸು ಬರುತ್ತಾಳೆ ಎಂದು ಕಾಯಬಹುದಿತ್ತು.

ಜುಲೈ 17, ಶುಕ್ರವಾರ

ಮುಖ್ಯಸ್ಥೆಯ ಕೋಣೆಗೆ ಹೋಗಿ ಇನ್ನು ಮೇಲೆ ಚಿತ್ರ ಬರೆಯುವ ಕೆಲಸ ಬೇಡ, ಗ್ರಂಥಾಲಯಕ್ಕೆ ಹಾಕಿ ಅಂದೆ. ಅವರು ಗಾಬರಿಯಾಗಿ ಕೂರಿಸಿ ನೀರು ಕೊಟ್ಟರು. "ನಿಮ್ಮಷ್ಟು ನೇರ ಮನುಷ್ಯ ನಮ್ಮಲ್ಲಿ ಇನ್ನೊಬ್ಬರಿಲ್ಲ" ಅಂದರು. ಲೋಟ ಖಾಲಿ ಮಾಡಿ ಎದ್ದು ಬಂದೆ. ದಾರಿಯಲ್ಲಿ ಆ ಹೊಸ ಹುಡುಗಿಯ ಗೋಡೆಯಿಂದ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡೆ. ಅವಳು ನೋಡಿದಳು.

ಜುಲೈ 19, ಭಾನುವಾರ

ಬೆಳಗ್ಗೆ ಹತ್ತಕ್ಕೆ ನಾದಿನಿ ಕಾರು ತಂದಳು. ಎರಡು ಚೀಲ. ಬಟ್ಟೆಯದು ಹಗುರ, ಔಷಧಿಯದು ಭಾರ. ಮೂರು ಮಹಡಿ ಇಳಿದು ಎರಡನ್ನೂ ಡಿಕ್ಕಿಯಲ್ಲಿ ಇಟ್ಟೆ. ನಾದಿನಿ ನನ್ನ ಮುಖ ನೋಡದೆ, "ಬರ್ತೀವಿ ಭಾವ" ಅಂದಳು. ಅವಳು ಬೈದಿದ್ದರೆ ಬೇಕಿತ್ತು.

ಹೆಂಡತಿ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟನ್ನು ಹೊಟ್ಟೆಯ ಕೆಳಗೆ ಸರಿಸಿಕೊಂಡಳು. ನಾನು ಬಾಗಿಲು ಹಾಕಿದೆ. ಕಾರು ಶುರುವಾದ ಮೇಲೆ ಅವಳು ಗಾಜು ಇಳಿಸಿದಳು.

"ಗ್ಯಾಸ್ ಆಫ್ ಮಾಡಿದ್ಯಾ?"

"ಮಾಡಿದೀನಿ" ಅಂದೆ. ಇಪ್ಪತ್ತು ವರ್ಷದಿಂದ ಮನೆ ಬಿಡುವಾಗಲೆಲ್ಲ ಅವಳು ಕೇಳುವುದು, ನಾನು ಹೇಳುವುದು.

ಅವಳು ಗಾಜು ಏರಿಸಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಚುಚ್ಚುವ ನೋಟವಲ್ಲ, ಸುಮ್ಮನೆ ದಣಿದ ನೋಟ. ನನಗೆ ನೆನಪಾಗಲಿಲ್ಲ. ಬೆಳಗ್ಗೆ ಅವಳಿಗೆ ಹಾಲು ಕಾಯಿಸಿದ್ದು ನೆನಪಿದೆ, ಪಾತ್ರೆ ಇಳಿಸಿದ್ದು ನೆನಪಿದೆ, ಆಮೇಲಿನದು ಇಲ್ಲ.

"ಗೊತ್ತಿಲ್ಲ" ಅಂದೆ. "ನೋಡ್ಕೊಂಡು ಬರ್ತೀನಿ."

ಮೂರು ಮಹಡಿ ಓಡಿ ಹತ್ತಿದೆ. ಬೀಗ ತೆಗೆಯುವಾಗ ಕೀಲಿ ಎರಡು ಸಲ ಬಿತ್ತು. ಅಡುಗೆಮನೆಗೆ ಹೋಗಿ ಸಿಲಿಂಡರಿನ ಗುಂಡಿ ಮುಟ್ಟಿ ನೋಡಿದೆ, ತಿರುಗಿಸಿ ನೋಡಿದೆ. ಆಫ್ ಆಗಿತ್ತು. ಇಷ್ಟು ಹೊತ್ತಿಗೆ ಹೋಗಿಬಿಟ್ಟಿರುತ್ತಾರೆ ಅಂದುಕೊಂಡು ಬಾಲ್ಕನಿಗೆ ಬಂದೆ. ಕಾರು ಅಲ್ಲೇ ಇತ್ತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು.

"ಆಫ್ ಆಗಿದೆ!" ಎಂದು ಕೂಗಿದೆ.

ಸರಿ ಎಂದು ತಲೆಯಾಡಿಸಿ ಗಾಜು ಏರಿಸಿಕೊಂಡಳು. ಕಾರು ತಿರುವಿನವರೆಗೆ ಹೋಗಿ, ಸಿಗ್ನಲ್ ದೀಪ ಹಾಕಿ, ಎಡಕ್ಕೆ ಹೊರಳಿತು.

ನಾನು ಮತ್ತೆ ಒಳಗೆ ಹೋಗಿ ನೋಡಿದೆ. ಆಫ್ ಆಗಿತ್ತು.